ಆ ಊರಿಗೊಂದು ಟ್ರಿಪ್ ಶೀಟು

ಬಸ್ ಡಿಪೋದಲ್ಲಿ ಅವಳ ಹೆಸರು ಟೈಮಮ್ಮ. ಇಟ್ಟವರು ಡ್ರೈವರುಗಳು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು, ಯಾರು ಓಡಿಸಬೇಕು, ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಎಂಬುದನ್ನೆಲ್ಲ ಟ್ರಿಪ್ ಶೀಟಿನಲ್ಲಿ ಬರೆದಿಡುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಕಿಟಕಿಯಾಚೆ ಬಸ್ಸೊಂದು ಗೇಟು ದಾಟಿದರೆ ತಲೆ ಎತ್ತದೆಯೇ ಅದರ ನಂಬರು ಹೇಳುವಳು. ‘ಟೈಮಮ್ಮನ ಕಣ್ಣಿಗೆ ಬೇಕಾದ್ರೆ ಮಣ್ಣೆರಚಬಹುದು, ಕಿವಿಗೆ ಆಗಲ್ಲ’ ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು.

ಈಗ ಮೂರು ವಾರದಿಂದ ಊಟದ ಬಿಡುವಿನಲ್ಲಿ ಅವಳು ಬರೆಯುತ್ತಿದ್ದ ಶೀಟು ಮಾತ್ರ ಡಿಪೋದ್ದಲ್ಲ. ಅದು ಅವಳ ಮತ್ತು ಅವಳ ಗಂಡನ ನಾಲ್ಕು ದಿನದ ಪ್ರವಾಸದ್ದು. ಹೋಗುವುದು ಆ ಊರಿಗೆ.

ಆ ಊರಿಗೆ ಅವರ ಮನೆಯಲ್ಲಿ ಹೆಸರಿರಲಿಲ್ಲ. ಜೂಜು, ಬಾಜಿ, ಬೆಟ್ಟು, ಇಸ್ಪೀಟು ಎಂಬ ಮಾತುಗಳಿಗೂ ಆರು ವರ್ಷದಿಂದ ಹೊಸಿಲೊಳಗೆ ಪ್ರವೇಶವಿರಲಿಲ್ಲ. ಮನೆಯಲ್ಲಿ ಒಮ್ಮೆ ಬಂದುಹೋದ ಕೆಟ್ಟ ಕಾಯಿಲೆಯ ಹೆಸರನ್ನು ಯಾರೂ ಎತ್ತುವುದಿಲ್ಲವಲ್ಲ, ಹಾಗೆ.

ಗಂಡ ಲಿಫ್ಟ್ ರಿಪೇರಿಯವನು. ಹತ್ತು ಮಹಡಿಯ ಮೇಲೆ ನಿಂತುಹೋದ ಲಿಫ್ಟಿನ ನೆತ್ತಿ ಹತ್ತಿ ಕೂತು, ಕೆಳಗಿನ ಕತ್ತಲೆಗೆ ಕಾಲು ಇಳಿಬಿಟ್ಟು ಸಿಳ್ಳೆ ಹಾಕುತ್ತ ಕೆಲಸ ಮಾಡುವವನು. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಶಾಲೆಯಿಂದ ಮಗಳನ್ನು ಕರೆತರುವ ದಾರಿಯಲ್ಲಿ ಒಂದು ಜೂಜಿನ ಅಂಗಡಿಯ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿ, ‘ಐದೇ ನಿಮಿಷ, ಚಿನ್ನ’ ಎಂದು ಒಳಗೆ ಹೋಗಿದ್ದ. ಹದಿಮೂರು ವರ್ಷದ ಹುಡುಗಿ ಪುಸ್ತಕದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಏಳು ಗಂಟೆ ಕಾಲ ಅಲ್ಲೇ ಕೂತಿದ್ದಳು. ಎದ್ದು ಹೋದರೆ ಅಪ್ಪ ಬಂದು ಹುಡುಕಾಡುತ್ತಾನೆ ಎಂದು ನೀರಿಗೂ ಏಳಲಿಲ್ಲ. ಬಟ್ಟೆ ಒದ್ದೆಯಾದರೂ ಏಳಲಿಲ್ಲ. ಆ ವಾರವೇ ಅವಳು ದೊಡ್ಡಮ್ಮನ ಮನೆ ಸೇರಿದಳು. ಅಲ್ಲೇ ಓದಿ, ಅಲ್ಲೇ ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದಳು. ಅಪ್ಪನೊಡನೆ ಮಾತಿಲ್ಲ. ಅವನು ಅಂದಿನಿಂದ ಆಟ ಮುಟ್ಟಿರಲಿಲ್ಲ. ಅದು ಸುಳ್ಳಲ್ಲ. ಕೆಲಸಕ್ಕೆ ಹೋದ, ಮನೆಗೆ ಬಂದ, ಉಂಡ, ಮಲಗಿದ. ಆದರೆ ಸಿಳ್ಳೆ ನಿಂತುಹೋಗಿತ್ತು.

ಮೂರು ವಾರದ ಹಿಂದೆ ಒಂದು ಸಂಜೆ ಅವನು ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಕೈಯ ಗ್ರೀಸು ತೊಳೆಯುತ್ತಿದ್ದ. ಬೆನ್ನು ಅವಳ ಕಡೆಗಿತ್ತು.

‘ಆ ಊರಿಗೆ ಒಂದು ಸಲ ಹೋಗಿ ಬರೋಣ ಕಣೇ,’ ಎಂದ.

ಅವಳ ಕೈಯ ಸೌಟು ನಿಂತಿತು.

‘ನೋಡೋಕೆ ಎಷ್ಟೊಂದಿದೆಯಂತೆ ಅಲ್ಲಿ. ಗಾಜಿನ ತೋಟ, ಕುಣಿಯೋ ಕಾರಂಜಿ, ಅಣೆಕಟ್ಟು. ಒಂದು ಗೋಪುರದ ಲಿಫ್ಟು ಅರವತ್ತು ಮಹಡಿನ ಅರ್ಧ ನಿಮಿಷಕ್ಕೆ ಹತ್ತುತ್ತಂತೆ. ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ನೋಡ್ಕೊಂಡು ಬರೋಣ.’

‘ಅದೊಂದನ್ನ ಬಿಟ್ಟು,’ ಎಂದಳು ಅವಳು.

‘ಕೈ ಮುಟ್ಟದೆ ಬರ್ತೀನಿ. ನೀನೇ ನೋಡು. ಪಣ ಅಂದ್ರೆ ಪಣ.’

ಪಣ ಎಂಬುದು ಬೀದಿಯ ಮಾತಲ್ಲ. ಅದು ಅವರ ಮನೆಗೆ ಬಂದದ್ದು ಅವಳ ಅಪ್ಪನಿಂದ. ಅಪ್ಪ ದರ್ಜಿ, ರಜೆಯ ದಿನ ಮಧ್ಯಾಹ್ನ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿ, ಗೋಡೆಗೊರಗಿ ಕೂತು, ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನೂ ಬಾಗಿಲ ಚೌಕಟ್ಟಿಗೆ ಒರಗಿ ಕೇಳುತ್ತಿದ್ದ. ಇಷ್ಟು ವರ್ಷದ ಮೇಲೆ ಅಪ್ಪನ ಮಾತೊಂದು ಗಂಡನ ಬಾಯಲ್ಲಿ ಬಂದದ್ದು ಕೇಳಿ ಅವಳ ಕಣ್ಣು ತುಂಬಿತು. ಸೌಟು ತಿರುಗಿಸುವ ನೆವದಲ್ಲಿ ಒರೆಸಿಕೊಂಡಳು.

ಮರುದಿನ ಡಿಪೋದಿಂದಲೇ ಮಗಳಿಗೆ ಫೋನು ಮಾಡಿದಳು.

‘ಅಪ್ಪ ಪಣ ತೊಟ್ಟಿದಾರೆ ಕಣೇ. ಆ ಊರಿಗೇ ಹೋಗಿ, ನಾಲ್ಕು ದಿನ ಇದ್ದು, ಮುಟ್ಟದೆ ಬರ್ತಾರಂತೆ.’

ಆ ಕಡೆ ಹಲ್ಲು ಕೊರೆಯುವ ಯಂತ್ರದ ಸದ್ದು ಮಾತ್ರ ಕೇಳಿಸುತ್ತಿತ್ತು.

‘ಹಾಗೆ ಬಂದ್ರೆ ನೀನು ಮನೆಗೆ ಬರ್ತೀಯಾ?’

‘ಅಮ್ಮ, ಇಲ್ಲಿ ಜನ ಇದಾರೆ.’

‘ಒಂದು ಮಾತು ಹೇಳು.’

ಯಂತ್ರ ನಿಂತಿತು. ‘ಬಂದ್ರೆ ಬರ್ತೀನಿ,’ ಎಂದಳು ಮಗಳು.

ಅಂದು ಸಂಜೆ ಅವಳು ದೇವರ ಮುಂದೆ ಕೂತು ಅದನ್ನೇ ಹೇಳಿದಳು. ಇವರು ಪಣ ತೊಟ್ಟಿದಾರೆ, ನೀನೇ ನಡೆಸಿಕೊಡು.

ಶೀಟು ಬರೆಯುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಆ ಊರಿನ ಬಗ್ಗೆ ಅವಳು ಫೋನಿನಲ್ಲಿ ಸಿಕ್ಕ ನಕ್ಷೆಗಳನ್ನೆಲ್ಲ ನೋಡಿದಳು. ಊರನ್ನು ಕಟ್ಟಿದವರು ಬಲು ಬುದ್ಧಿವಂತರು. ಹೋಟೆಲಿನ ಬಾಗಿಲಿಂದ ಕೀಲಿಕೈ ಕೊಡುವ ಮೇಜಿಗೆ ಹೋಗಬೇಕೆಂದರೆ ಆಟದ ಹಜಾರ ದಾಟಬೇಕು. ಮೇಜಿನಿಂದ ಲಿಫ್ಟಿಗೆ ಹೋಗಬೇಕೆಂದರೆ ಮತ್ತೆ ಅದೇ ಹಜಾರ. ಊಟದ ಮನೆಗೂ ಅದೇ ದಾರಿ, ಬಚ್ಚಲಿಗೂ ಅದೇ ದಾರಿ. ಮುಖ್ಯ ಬಸ್ ನಿಲ್ದಾಣದ ಗೋಡೆಗುಂಟ ಸಾಲಾಗಿ ಆಟದ ಯಂತ್ರಗಳು. ಹಾಲು, ಬ್ರೆಡ್ಡು ಮಾರುವ ಅಂಗಡಿಯಲ್ಲೂ ಎರಡು.

ಅವಳು ಹನ್ನೊಂದು ವಸತಿಗೃಹಗಳಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದಳು. ‘ನಿಮ್ಮ ಮುಂಬಾಗಿಲಿಂದ ರೂಮಿನ ತನಕ ನಡ್ಕೊಂಡು ಹೋಗೋವಾಗ ಏನೇನು ಸಿಗುತ್ತೆ?’ ಹತ್ತು ಕಡೆಯವರು ಇದು ಯಾವ ತಲೆಹರಟೆ ಎಂಬಂತೆ ನಕ್ಕರು. ಹನ್ನೊಂದನೆಯವಳು ಒಬ್ಬ ನಿವೃತ್ತ ನರ್ಸು. ಕೊಂಚ ತಡೆದು, ‘ಒಂದು ಚಪ್ಪಲಿ ಗೂಡು, ಒಂದು ಬೆಕ್ಕು,’ ಎಂದಳು. ಆಮೇಲೆ, ‘ಯಾರಮ್ಮಾ, ಗಂಡನಾ ಮಗನಾ?’ ಎಂದು ಕೇಳಿದಳು. ಅಲ್ಲಿಯೇ ರೂಮು ಗೊತ್ತಾಯಿತು.

ಮುಖ್ಯ ನಿಲ್ದಾಣಕ್ಕೆ ಮೂರು ಸ್ಟಾಪು ಮೊದಲೇ ಇಳಿಯುವುದು. ಕಾರಂಜಿಯನ್ನು ಎದುರು ರಸ್ತೆಯಿಂದ ನೋಡುವುದು, ಹೋಟೆಲಿನ ಅಂಗಳಕ್ಕೆ ಕಾಲಿಡುವುದು ಬೇಡ. ಗೋಪುರಕ್ಕೆ ಹಿಂಬದಿಯ ಬಾಗಿಲಿದೆ, ಗಾಲಿಕುರ್ಚಿಯವರಿಗೆ; ಕೇಳಿಕೊಂಡರೆ ಬಿಡುತ್ತಾರೆ. ಡಿಪೋದಲ್ಲಿ ಎರಡು ಟ್ರಿಪ್ಪಿನ ನಡುವೆ ಡ್ರೈವರಿಗೆ ಸಿಗುವ ಬಿಡುವಿಗೆ ಖಾಲಿ ಎಂದು ಬರೆಯುತ್ತಾರೆ. ಈ ಶೀಟಿನಲ್ಲಿ ಅವಳು ಒಂದು ಖಾಲಿಯನ್ನೂ ಬಿಡಲಿಲ್ಲ. ಅದರಲ್ಲೂ ಐದು ನಿಮಿಷದ ಖಾಲಿಯನ್ನು.

ಗಂಡನಿಗೂ ಇದರಲ್ಲಿ ಎಲ್ಲಿಲ್ಲದ ಹುರುಪು. ಸಂಜೆ ಬಂದವನೇ ಶೀಟು ಕೇಳುತ್ತಿದ್ದ. ‘ಗೋಪುರದಿಂದ ಗಾಜಿನ ತೋಟಕ್ಕೆ ನಲವತ್ತು ನಿಮಿಷ ಯಾಕೆ? ಆಚೆ ರಸ್ತೆಯಲ್ಲಿ ಹದಿನೈದೇ ಸಾಕಲ್ಲ.’

‘ಆಚೆ ರಸ್ತೆಯಲ್ಲಿ ಅವೇ ಇವೆ, ರೀ.’

‘ಹಾಂ, ಹಾಂ. ಸರಿಯಾಗಿ ಯೋಚನೆ ಮಾಡಿದೀಯ. ಸಿಕ್ಕಿಬೀಳಬಾರದು.’ ಅವನ ಕಣ್ಣು ಮಿನುಗುತ್ತಿದ್ದವು. ಒಂದು ದಿನ ಬಚ್ಚಲಲ್ಲಿ ಸಿಳ್ಳೆಯೂ ಕೇಳಿಸಿತು. ಅವಳು ಬಾಗಿಲ ಹೊರಗೆ ಟವೆಲ್ಲು ಹಿಡಿದು ನಿಂತು ಅದನ್ನು ಕೊನೆಯ ತನಕ ಕೇಳಿದಳು.

ಹೊರಡಲು ಎರಡು ದಿನವಿತ್ತು. ಮಧ್ಯಾಹ್ನ ಡಿಪೋದ ಕಿಟಕಿಗೆ ಗಂಡನ ಜೊತೆ ಕೆಲಸ ಮಾಡುವವನೊಬ್ಬ ಬಂದ. ಎರಡು ಕೈಗೂ ವಾಚು ಕಟ್ಟುತ್ತಿದ್ದುದರಿಂದ ಎಲ್ಲರೂ ಅವನನ್ನು ಗಡಿಯಾರ ಎನ್ನುತ್ತಿದ್ದರು. ಒಂದು ಹೆಂಡತಿ ಕೊಟ್ಟದ್ದು, ಇನ್ನೊಂದು ಸರಿಯಾಗಿ ಓಡುವಂಥದ್ದು ಎಂಬುದು ಅವನ ವಿವರಣೆ.

‘ಅತ್ತಿಗೆ, ಶೀಟು ಜೋರಾಗಿದೆಯಂತೆ. ಸ್ವಲ್ಪ ತೋರಿಸಿ ನೋಡೋಣ.’

ಅವಳಿಗೆ ಹೆಮ್ಮೆಯಾಯಿತು. ಮಡಿಸಿಟ್ಟಿದ್ದ ಕಾಗದವನ್ನು ಬಿಡಿಸಿ ಕಿಟಕಿಯ ಕಟ್ಟೆಯ ಮೇಲೆ ಹರಡಿದಳು. ಗಡಿಯಾರ ಬೆರಳಿಟ್ಟು ಸಾಲು ಸಾಲು ಓದಿದ. ಓದುತ್ತ ಓದುತ್ತ ಅವನ ಮುಖ ಇಳಿಯಿತು.

‘ಸೂಜಿ ತೂರೋಕೂ ಜಾಗ ಬಿಟ್ಟಿಲ್ಲವಲ್ಲ. ನನ್ನ ಬೈಕಿನ ಗತಿ ಮುಗೀತು.’

‘ನಿಮ್ಮ ಬೈಕಿಗೇನಾಯ್ತು?’

‘ಅದನ್ನೇ ತಾನೇ ಪಣಕ್ಕೆ ಇಟ್ಟಿರೋದು. ಅವನು ಅಲ್ಲಿ ಹೋಗಿ ಮುಟ್ಟೇ ಮುಟ್ತಾನೆ ಅಂತ ನಾನು. ಮುಟ್ಟಲ್ಲ ಅಂತ ಅವನು ತನ್ನ ಸಲಕರಣೆ ಪೆಟ್ಟಿಗೆ ಇಟ್ಟಿದಾನೆ. ಅತ್ತಿಗೆ, ಒಂದು ಉಪಕಾರ ಮಾಡಿ. ಮೂರನೇ ದಿನ ಮಧ್ಯಾಹ್ನ ಒಂದೇ ಒಂದು ಗಂಟೆ ಖಾಲಿ ಬಿಡಿ. ಬಡವನ ಬೈಕು ಉಳಿಯುತ್ತೆ.’ ಅವನು ನಗುತ್ತಿದ್ದ. ತಮಾಷೆಗೆ ಹೇಳುತ್ತಿದ್ದ.

ಅವಳು ನಗಲಿಲ್ಲ. ಅದನ್ನು ನೋಡಿ ಅವನ ನಗುವೂ ಅರ್ಧಕ್ಕೆ ನಿಂತಿತು.

‘ಅಂದ್ರೆ, ನಿಮಗೆ ಗೊತ್ತಿಲ್ವಾ? ಗೊತ್ತಿದೆ ಅಂದನಲ್ಲ. ಮೊದಲನೇ ದಿನಾನೇ ಮನೇಲಿ ಹೇಳಿದೀನಿ, ಅವಳಿಗೆ ಖುಷಿಯಾಯ್ತು ಅಂದ. ನೀವೇ ಸಾಕ್ಷಿ ಅಂತ ಮಾತಾಗಿದೆ. ಮುಟ್ಟಿದ್ನಾ ಇಲ್ವಾ ಅಂತ ನೀವು ಹೇಳಿದ್ದೇ ಕೊನೇ ಮಾತು. ಟೈಮಮ್ಮ ಸುಳ್ಳು ಹೇಳಲ್ಲ ಅಂತ ಎಲ್ಲರೂ ಒಪ್ಪಿದಾರೆ.’

ಗೇಟಿನಲ್ಲಿ ಒಂದು ಬಸ್ಸು ಹೊರಟಿತು. ಅದರ ನಂಬರು ಯಾವುದೆಂದು ಅವಳಿಗೆ ತಿಳಿಯಲಿಲ್ಲ.

ಅಪ್ಪ ಪದ್ಯ ಓದುವಾಗ ರಾಜ ಪಗಡೆಗೆ ಕೂರುವ ಭಾಗ ಬಂದರೆ ಪುಸ್ತಕ ಮುಚ್ಚಿ, ಬೆರಳನ್ನು ಪುಟದ ನಡುವೆಯೇ ಇಟ್ಟುಕೊಂಡು ಅರ್ಥ ಹೇಳುತ್ತಿದ್ದರು. ‘ಪಣ ಅನ್ನೋದು ಒಂದೇ ಮಾತು, ಮಗಾ, ಅದರ ಕೆಲಸ ಎರಡು. ತೊಟ್ಟರೆ ನಿನ್ನ ಮೈ ಮೇಲೆ ಇರುತ್ತೆ. ಒಡ್ಡಿದರೆ ಪಗಡೆ ಹಾಸಿನ ಮೇಲೆ ಇರುತ್ತೆ.’ ದರ್ಜಿಯಲ್ಲವೇ, ಎಲ್ಲವನ್ನೂ ತೊಡುವ ಲೆಕ್ಕದಲ್ಲೇ ಹೇಳುತ್ತಿದ್ದರು. ಅವಳು ಎಷ್ಟು ಸಲ ಕೇಳಿದ್ದಳೋ. ನಲ್ಲಿಯ ನೀರಿನ ಸದ್ದಿನಲ್ಲಿ ಗಂಡ ಪಣ ಎಂದಿದ್ದ, ಅಷ್ಟೇ. ತೊಟ್ಟಿದ್ದೀನಿ ಎಂದಿರಲಿಲ್ಲ. ಆ ಮಾತನ್ನು ಜೋಡಿಸಿದವಳು ಅವಳೇ. ಜೋಡಿಸಿ ಮಗಳಿಗೆ ಹೇಳಿದ್ದಳು. ದೇವರಿಗೂ ತಪ್ಪು ಸುದ್ದಿಯನ್ನೇ ಮುಟ್ಟಿಸಿದ್ದಳು.

ಸಂಜೆ ಅವನು ಬಂದಾಗ ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಅವನ ಕೈಯಲ್ಲಿ ಪೆಟ್ಟಿಗೆಯಿತ್ತು. ಕೆಲಸ ಕಲಿಸಿದ ಮೇಸ್ತ್ರಿ ಸಾಯುವಾಗ ಅವನಿಗೆ ಕೊಟ್ಟದ್ದು. ಸ್ಪ್ಯಾನರು, ಉಳಿ, ಅಳತೆಗೋಲು, ಒಂದೊಂದಕ್ಕೂ ಒಂದೊಂದು ಗೂಡು. ಕೆಟ್ಟ ದಿನಗಳಲ್ಲೂ ಅದೊಂದನ್ನು ಅವನು ಅಡವಿಟ್ಟಿರಲಿಲ್ಲ.

‘ಅದನ್ನ ಇಟ್ಟಿದೀರಂತೆ,’ ಎಂದಳು.

‘ಗಡಿಯಾರ ಬಂದಿದ್ನಾ? ಬಾಯಿಬಡುಕ.’ ಅವನು ನಲ್ಲಿ ಬಿಟ್ಟ.

‘ನಲ್ಲಿ ನಿಲ್ಲಿಸಿ ಮಾತಾಡಿ.’

ನಿಲ್ಲಿಸಿದ. ಕೈಯಲ್ಲಿ ನೊರೆ ಹಾಗೇ ಇತ್ತು. ‘ಹೇಳಿದೆನಲ್ಲ ನಿನಗೆ. ಪಣ ಅಂದೆ. ಮುಚ್ಚಿಡಲಿಲ್ಲ.’

‘ನಾನು ಬೇರೆ ಅರ್ಥ ಮಾಡ್ಕೊಂಡೆ.’

‘ಅರ್ಥ ಯಾವುದಾದರೇನು? ಎರಡಕ್ಕೂ ನಾನು ಮಾಡಬೇಕಾದ್ದು ಒಂದೇ. ಮುಟ್ಟಬಾರದು. ಮುಟ್ಟಲ್ಲ. ಯೋಚನೆ ಮಾಡಿ ನೋಡು, ಇಂಥ ಆಟ ಜೀವಮಾನದಲ್ಲಿ ಸಿಕ್ಕಿಲ್ಲ ನನಗೆ. ಎಲೆ ಬೇರೆಯವರ ಕೈಲಿಲ್ಲ, ನನ್ನ ಕೈಲೇ ಇದೆ. ಸೋಲೋಕೆ ದಾರೀನೇ ಇಲ್ಲ.’

ಅವನ ಕಣ್ಣು ಮಿನುಗುತ್ತಿದ್ದವು. ಮೂರು ವಾರ ಅವಳನ್ನು ಬೆಚ್ಚಗಿಟ್ಟಿದ್ದ ಮಿನುಗು. ಈಗ ಅವಳಿಗೆ ಅದರ ಗುರುತು ಹತ್ತಿತು. ಆರು ವರ್ಷದ ಹಿಂದೆ ಮನೆಗೆ ಬರುವಾಗ ಅವನ ಕಣ್ಣಲ್ಲಿ ಇರುತ್ತಿದ್ದುದು ಇದೇ.

‘ನಾನು ಬರಲ್ಲ,’ ಎಂದಳು.

‘ಹೋಗದಿದ್ರೆ ಸೋತ ಹಾಗೆ ಅಂತ ಮಾತಾಗಿದೆ ಕಣೇ.’

‘ಸೋಲಿ.’

‘ಪೆಟ್ಟಿಗೆ ಕೊಟ್ಟು ನಾನೇನು ಕಡ್ಡಿಯಲ್ಲಿ ಲಿಫ್ಟು ರಿಪೇರಿ ಮಾಡ್ಲಾ?’ ನೊರೆ ಅವನ ಮೊಣಕೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ‘ಸರಿ. ಒಬ್ಬನೇ ಹೋಗ್ತೀನಿ. ನಿನ್ನ ಶೀಟು ಕೊಡು. ಪ್ರತಿ ಜಾಗದಿಂದ ಫೋನು ಮಾಡ್ತೀನಿ, ನೀನು ಕೇಳು. ನಿನ್ನ ಕಿವಿ ಸಾಕು ಅವರಿಗೆ.’

ಅವಳು ಮಗಳಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಗಳು ಪೂರ್ತಿ ಕೇಳಿದಳು. ಅಳಲಿಲ್ಲ, ರೇಗಲಿಲ್ಲ.

‘ಅಪ್ಪ ಪೆಟ್ಟಿಗೆ ಇಟ್ರು. ಗಡಿಯಾರ ಮಾವ ಬೈಕು ಇಟ್ರು,’ ಎಂದಳು. ‘ನೀನು ನನ್ನನ್ನ ಇಟ್ಟೆ, ಅಲ್ವಾಮ್ಮ?’

ಫೋನು ಯಾವಾಗ ಕಟ್ಟಾಯಿತೋ ತಾಯಿಗೆ ತಿಳಿಯಲಿಲ್ಲ.

ಅವನು ಹೋದ. ಶೀಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ನೀಟಾಗಿ ಕ್ಷೌರ ಮಾಡಿಕೊಂಡು ಹೋದ. ಅವಳು ಡಿಪೋದಲ್ಲಿ ಕೂತಿದ್ದಳು. ಹನ್ನೊಂದೂ ಹತ್ತಕ್ಕೆ ಫೋನು ಬಂತು. ‘ಅಣೆಕಟ್ಟಿನ ಮೇಲಿದೀನಿ. ಕೇಳು.’ ಗಾಳಿ ಕೇಳಿಸಿತು. ಎರಡೂ ಇಪ್ಪತ್ತಕ್ಕೆ, ‘ಗಾಜಿನ ತೋಟ. ಕೇಳು.’ ಎಲೆಗಳ ಮೇಲೆ ನೀರು ಬೀಳುವ ಸದ್ದು, ಯಾವುದೋ ಮಗುವಿನ ಕೆಮ್ಮು. ಅವನು ಒಂದು ನಿಮಿಷವೂ ತಪ್ಪಲಿಲ್ಲ. ಅವಳ ಯಾವ ಡ್ರೈವರೂ ಹೀಗೆ ಶೀಟು ಪಾಲಿಸಿದವನಲ್ಲ.

ಮೂರನೆಯ ದಿನ ಮಧ್ಯಾಹ್ನ ಗೋಪುರದಿಂದ ಬರಬೇಕಿದ್ದ ಫೋನು ನಾಲ್ಕು ನಿಮಿಷ ತಡವಾಯಿತು. ಆ ನಾಲ್ಕು ನಿಮಿಷ ಅವಳು ಗೋಡೆ ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದಳು. ಅಂಗೈ ಬೆವೆತಿತ್ತು. ಬಾ, ಬಾ, ಬಂದುಬಿಡು ಎಂದು ಅವಳ ತುಟಿ ತಾನಾಗಿಯೇ ಅನ್ನುತ್ತಿತ್ತು. ಫೋನು ಬಡಿದಾಗ ಅವಳು ಕುರ್ಚಿಯಿಂದ ಅರ್ಧ ಎದ್ದಿದ್ದಳು. ‘ಲಿಫ್ಟು ಇಪ್ಪತ್ತೊಂಬತ್ತೇ ಸೆಕೆಂಡು ಕಣೇ,’ ಎಂದ ಅವನು, ‘ಕೇಳು.’ ಅವಳು ಕೇಳಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ತನ್ನ ಬೆವೆತ ಅಂಗೈಯನ್ನು ನೋಡಿಕೊಂಡಳು. ಆಟಕ್ಕೆ ಕೂತವರ ಅಂಗೈ ಹೇಗಿರುತ್ತದೆಂದು ಅವಳಿಗೆ ಗೊತ್ತಾಗಿದ್ದು ಆಗಲೇ.

ಅವನು ಬಂದ ಮರುದಿನ ಬೆಳಿಗ್ಗೆ ಗಡಿಯಾರ ಮನೆಗೆ ಬಂದ. ಜೊತೆಗೆ ಅವರೊಡನೆ ಕೆಲಸ ಮಾಡುವ ಇನ್ನಿಬ್ಬರು. ಗಂಡ ಊಟದ ಮೇಜಿನ ಮೇಲೆ ಟಿಕೆಟ್ಟಿನ ಚೂರುಗಳನ್ನು ಶೀಟಿನ ಸಾಲಿಗೆ ಸರಿಯಾಗಿ ಜೋಡಿಸಿಟ್ಟಿದ್ದ: ಅಣೆಕಟ್ಟು, ತೋಟ, ರೈಲಿನ ಮ್ಯೂಸಿಯಂ, ಗೋಪುರ. ನರ್ಸಮ್ಮ ಬೆಕ್ಕಿನ ಚಿತ್ರವಿದ್ದ ಒಂದು ಚೀಟಿಯಲ್ಲಿ ‘ಒಳ್ಳೆಯ ಮನುಷ್ಯ’ ಎಂದು ಬರೆದುಕೊಟ್ಟಿದ್ದಳು. ಅದೂ ಇತ್ತು. ಪೆಟ್ಟಿಗೆ ನೆಲದ ಮೇಲೆ, ಅವನ ಕಾಲ ಬಳಿ. ಬೈಕಿನ ಕೀಲಿ ಗಡಿಯಾರನ ಬೆರಳಲ್ಲಿ.

‘ಚೀಟಿ ಗೀಟಿ ಬೇಡಪ್ಪ. ಮಾತಾಗಿರೋದು ಅತ್ತಿಗೆ ಬಾಯಿಂದ,’ ಎಂದ ಗಡಿಯಾರ. ‘ಹೇಳಿ ಅತ್ತಿಗೆ. ಆಡಿದ್ನಾ, ಇಲ್ವಾ?’

ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಗಂಡ ಅವಳ ಕಡೆ ನೋಡಿ ಸಣ್ಣಗೆ ನಕ್ಕ.

‘ಆಡಿದರು,’ ಎಂದಳು.

ಗಡಿಯಾರ ಬೈಕಿನ ಕೀಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ.

‘ಎಲ್ಲಿ?’ ಎಂದು ಗಡಿಯಾರನೇ ಕೇಳಿದ, ಗೆದ್ದವನ ದನಿ ಅದಾಗಿರಲಿಲ್ಲ. ‘ಯಾವ ಜಾಗದಲ್ಲಿ, ಅತ್ತಿಗೆ?’

‘ಇಲ್ಲೇ. ಈ ಮನೆಯಲ್ಲಿ. ನಾಲ್ಕು ದಿನ ಅಲ್ಲ, ಮೂರು ವಾರದಿಂದ.’

ಗಂಡ ವಾದ ಮಾಡುತ್ತಾನೆ ಎಂದುಕೊಂಡಿದ್ದಳು. ಕೂಗಾಡಿದರೆ ಏನು ಹೇಳಬೇಕೆಂದೂ ಯೋಚಿಸಿಟ್ಟಿದ್ದಳು. ಅವನು ಕೂಗಾಡಲಿಲ್ಲ. ಟಿಕೆಟ್ಟಿನ ಚೂರುಗಳನ್ನು ಒಂದೊಂದಾಗಿ ಎತ್ತಿ ಜೇಬಿಗೆ ಹಾಕಿಕೊಂಡ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಗಡಿಯಾರನ ಮುಂದಿಟ್ಟ. ಗಡಿಯಾರ ಬೇಡ ಬೇಡವೆಂದು ಹಿಂದೆ ಸರಿದ. ‘ತಗೋ. ಮಾತು ಮಾತೇ,’ ಎಂದು ಗಂಡ ಅದನ್ನು ಅವನ ಎದೆಗೆ ಒತ್ತಿದ. ಮೂವರೂ ಮೆಟ್ಟಿಲಿಳಿದು ಹೋಗುವಾಗ ಒಳಗಿನ ಸ್ಪ್ಯಾನರುಗಳು ಗೂಡಿನಲ್ಲಿ ಅಲುಗುವ ಸದ್ದು ಕೆಳಗಿನ ತನಕ ಕೇಳಿಸಿತು.

ಅವನು ಮೇಜಿನ ಮುಂದೆ ಬಹಳ ಹೊತ್ತು ಕೂತಿದ್ದ. ಅವಳು ಒಂದು ಲೋಟ ನೀರು ತಂದು ಎದುರಿಗಿಟ್ಟಳು. ತಾನು ತಪ್ಪು ಮಾಡಿದೆನೇ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ. ಅವನು ಒಂದು ಮಾತು ಬೇರೆ ಆಡಿದ್ದರೆ, ಅತ್ತಿದ್ದರೆ, ಬೈದಿದ್ದರೆ, ಹೋಗಲಿ ಬಿಡು ಎಂದಿದ್ದರೆ, ಅವಳು ಆಗಲೇ ಓಡಿಹೋಗಿ ಪೆಟ್ಟಿಗೆ ಬೇಡಿ ತರುತ್ತಿದ್ದಳು.

ಅವನು ನೀರು ಕುಡಿದು ಲೋಟ ಕೆಳಗಿಟ್ಟ. ತಲೆ ಎತ್ತಿದ. ಕಣ್ಣು ಮಿನುಗುತ್ತಿದ್ದವು.

‘ಇನ್ನೊಂದು ಸಲ ಹೋಗೋಣ ಕಣೇ,’ ಎಂದ. ‘ಈ ಸಲ ಎಂಟು ದಿನ ಅಂತ ಕಟ್ತೀನಿ. ಪೆಟ್ಟಿಗೆ ವಾಪಸ್ ಬರುತ್ತೆ, ಬೈಕೂ ಬರುತ್ತೆ. ನೀನು ಶೀಟು ಬರೆದಿಡು.’

ಅವಳು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಮಗಳಿಗೆ ಫೋನು ಮಾಡಿದಳು.

‘ಮುಟ್ಟಲಿಲ್ಲ, ಅಲ್ವಾ?’ ಎಂದಳು ಮಗಳು ಮೊದಲೇ. ‘ದೊಡ್ಡಮ್ಮನಿಗೆ ಗಡಿಯಾರ ಮಾವನ ಹೆಂಡತಿ ಹೇಳಿದ್ರಂತೆ. ಟಿಕೆಟ್ಟೆಲ್ಲ ಇದೆಯಂತೆ. ಮಾತು ಕೊಟ್ಟಿದ್ದೆ ನಾನು. ಬರಬೇಕೇನು, ಅಮ್ಮ?’

ಆಚೆ ಕೋಣೆಯಿಂದ ಸಿಳ್ಳೆ ಕೇಳಿಸುತ್ತಿತ್ತು.

‘ಬೇಡ ಮಗಳೇ, ನೀನು ಬರಬೇಡ,’ ಎಂದಳು ಅವಳು. ‘ಅಲ್ಲಿ ನಿನ್ನ ಪಕ್ಕ ಇನ್ನೊಂದು ಹಾಸಿಗೆ ಹಾಸೋಕೆ ಜಾಗ ಇದೆಯಾ, ನೋಡಿ ಹೇಳು.’